ಐದು ವರ್ಷದೊಳಗಿನ ಮಕ್ಕಳ ಮರಣ ಪ್ರಮಾಣ: ಮುನ್ನಂದಾಜು ಮಾಡುವ ಸಮಗ್ರ ಮಾರ್ಗದರ್ಶಿ

ಮಕ್ಕಳ ಮರಣದ ಮುನ್ನಂದಾಜು ಮಾಡಲು ಹೊರಟವರಲ್ಲಿ ಬಹಳ ಮಂದಿ ಒಂದೇ ಜಾಗದಲ್ಲಿ ಎಡವುತ್ತಾರೆ. ಯಾವುದೋ ಅಂತರರಾಷ್ಟ್ರೀಯ ತಾಣದಿಂದ ಒಂದು ದೇಶದ ವರ್ಷವಾರು ಅಂಕಿಗಳನ್ನು ಇಳಿಸಿಕೊಳ್ಳುತ್ತಾರೆ. ಗೆರೆ ನುಣುಪಾಗಿರುತ್ತದೆ. ಅದಕ್ಕೆ ಒಂದು ಮಾಡೆಲ್ ಹಾಕುತ್ತಾರೆ, ಅದೂ ಚೆನ್ನಾಗಿ ಕೂರುತ್ತದೆ. ಗೆರೆಯನ್ನು 2030ರವರೆಗೆ ಎಳೆದು ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಮುಂದೆ ಹೊಸ ಸಮೀಕ್ಷೆ ಬಂದಾಗ ನಿಜವಾದ ಅಂಕಿ ಅವರು ಹೇಳಿದ ವ್ಯಾಪ್ತಿಯ ಹೊರಗೆ ಎಲ್ಲೋ ಬಿದ್ದಿರುತ್ತದೆ.

ತೊಂದರೆ ಮಾಡೆಲಿನದಲ್ಲ. ಆ ನುಣುಪಾದ ಗೆರೆಯೇ ಇನ್ನೊಬ್ಬರ ಮಾಡೆಲಿನಿಂದ ಹೊರಬಂದದ್ದು. ಅದರ ಕೊನೆಯ ಕೆಲವು ವರ್ಷಗಳು ಅನೇಕ ದೇಶಗಳಲ್ಲಿ ಅಳೆದ ಅಂಕಿಗಳೇ ಅಲ್ಲ. ಹಳೆಯ ಸಮೀಕ್ಷೆಯಿಂದ ಮುಂದಕ್ಕೆ ಎಳೆದ ಅಂದಾಜುಗಳು. ಅಂದಾಜಿನ ಮೇಲೆ ಅಂದಾಜು ಕಟ್ಟಿದರೆ ಅನಿಶ್ಚಿತತೆ ಕಣ್ಣಿಗೆ ಕಾಣದೆ ಹೋಗುತ್ತದೆ. ಹಾಗಾಗಿ ಈ ಮಾರ್ಗದರ್ಶಿಯ ಅರ್ಧಕ್ಕಿಂತ ಜಾಸ್ತಿ ಭಾಗ ಮಾಡೆಲಿಗೆ ಮೊದಲಿನ ಕೆಲಸದ ಬಗ್ಗೆಯೇ ಇದೆ. ಲಸಿಕೆಗೆ ಎಷ್ಟು ಹಣ, ನವಜಾತ ಶಿಶುಗಳ ಆರೈಕೆಗೆ ಎಷ್ಟು ದಾದಿಯರು ಎಂಬ ತೀರ್ಮಾನಗಳು ಇಂಥ ಅಂಕಿಗಳ ಮೇಲೆ ನಿಲ್ಲುತ್ತವೆ. ಅವಸರ ಮಾಡುವ ಕೆಲಸ ಇದಲ್ಲ.

ಉದಾಹರಣೆಗೆ ಇಥಿಯೋಪಿಯಾವನ್ನು ತೆಗೆದುಕೊಳ್ಳುತ್ತೇನೆ. ಅಲ್ಲಿನ ಸಮೀಕ್ಷೆಗಳು ಒಂದೇ ಬಗೆಯವು, ಅಂಕಿಗಳು ಎಲ್ಲರಿಗೂ ಸಿಗುತ್ತವೆ, ಮತ್ತು ಕಲಿಯಬೇಕಾದ ಎಲ್ಲ ತೊಡಕುಗಳೂ ಅಲ್ಲಿವೆ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದವು

ಸಮೀಕ್ಷೆಯ ಮೂಲ ಕಡತಗಳನ್ನು ಓದಬಲ್ಲ ಒಂದು ತಂತ್ರಾಂಶ ಬೇಕು. ಆರ್ (R) ಎಂಬ ಅಂಕಿಅಂಶ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಅದೇ ಸಾಕು. ಅದರಲ್ಲಿ ಸಮೀಕ್ಷೆಯ ತೂಕ (ಒಬ್ಬರ ಉತ್ತರ ಎಷ್ಟು ಜನರನ್ನು ಪ್ರತಿನಿಧಿಸುತ್ತದೆ ಎಂಬ ಅಂಕಿ) ಮತ್ತು ಕ್ಲಸ್ಟರ್‌ಗಳನ್ನು (ಸಮೀಕ್ಷೆಗೆ ಆರಿಸಿದ ಅಕ್ಕಪಕ್ಕದ ಮನೆಗಳ ಗುಂಪುಗಳನ್ನು) ನಿಭಾಯಿಸಲು 'ಸರ್ವೆ' ಪ್ಯಾಕೇಜ್, ಮರಣ ಪ್ರಮಾಣ ಲೆಕ್ಕಕ್ಕೆ 'ಡಿಎಚ್‌ಎಸ್ ರೇಟ್ಸ್' ಪ್ಯಾಕೇಜ್ ಇವೆ. ಜಿಲ್ಲಾ ಮಟ್ಟಕ್ಕೆ ಇಳಿಯುವುದಾದರೆ 'ಸಮ್ಮರ್' ಎಂಬ ಪ್ಯಾಕೇಜ್ ನೋಡಿ. ಸ್ಪ್ರೆಡ್‌ಶೀಟ್‌ನಲ್ಲಿ ಕೊನೆಯ ಹಂತದ ಲೆಕ್ಕ ಮಾಡಬಹುದು, ಮೊದಲ ಹಂತಗಳು ಅದರಲ್ಲಿ ಆಗುವುದಿಲ್ಲ.

ಇನ್ನೊಂದು ಬೇಕಾದದ್ದು ಸಮೀಕ್ಷೆಯ ಪೂರ್ಣ ವರದಿ, ಅದರಲ್ಲೂ ಅಂಕಿಗಳ ಗುಣಮಟ್ಟದ ಬಗ್ಗೆ ಇರುವ ಅನುಬಂಧ. ಬಹುತೇಕರು ತೆರೆಯದ ಪುಟಗಳು ಅವೇ.

## ಹಂತ 1: ಯಾವ ಅಂಕಿ ಎಂದು ಮೊದಲೇ ಬರೆದಿಡಿ

ನವಜಾತ ಶಿಶು ಮರಣ ಎಂದರೆ ಹುಟ್ಟಿದ 28 ದಿನಗಳೊಳಗಿನ ಸಾವು. ಶಿಶು ಮರಣ ಎಂದರೆ ಮೊದಲ ಹುಟ್ಟುಹಬ್ಬಕ್ಕೆ ಮುಂಚಿನದು. ಐದು ವರ್ಷದೊಳಗಿನ ಮರಣ ಎಂದರೆ ಐದನೇ ಹುಟ್ಟುಹಬ್ಬಕ್ಕೆ ಮುಂಚಿನದು. ಮೂರನ್ನೂ ಸಾವಿರ ಸಜೀವ ಜನನಗಳಿಗೆ ಇಷ್ಟು ಎಂದು ಹೇಳುತ್ತೇವೆ.

ಇಲ್ಲೇ ಮೊದಲ ತಪ್ಪು ಆಗುತ್ತದೆ. ಐದು ವರ್ಷದೊಳಗಿನ ಮರಣ ಪ್ರಮಾಣ ನಿಜವಾಗಿ ಒಂದು ಸಂಭವನೀಯತೆ. ಈ ಕಾಲದ ಮರಣ ಸ್ಥಿತಿಯೇ ಮುಂದುವರಿದರೆ, ಹುಟ್ಟಿದ ಸಾವಿರ ಮಕ್ಕಳಲ್ಲಿ ಎಷ್ಟು ಮಕ್ಕಳು ಐದು ತುಂಬುವ ಮೊದಲು ಸಾಯುತ್ತಾರೆ ಎಂಬುದು ಅದರ ಅರ್ಥ. ಐದು ವರ್ಷದೊಳಗಿನ ಮಕ್ಕಳ ಒಟ್ಟು ಸಂಖ್ಯೆಯಿಂದ ಸಾವುಗಳನ್ನು ಭಾಗಿಸಿದರೆ ಬರುವ ಅಂಕಿ ಬೇರೆ. ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಬೇಡಿ.

ಯಾವ ವರ್ಷದವರೆಗೆ, ಯಾರಿಗಾಗಿ ಎಂಬುದನ್ನೂ ಬರೆಯಿರಿ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿ 3.2ರ ಪ್ರಕಾರ 2030ಕ್ಕೆ ಪ್ರತಿ ದೇಶದಲ್ಲೂ ಐದು ವರ್ಷದೊಳಗಿನ ಮರಣ 25ಕ್ಕೆ, ನವಜಾತ ಮರಣ 12ಕ್ಕೆ ಇಳಿಯಬೇಕು. ಆ ಗುರಿ ಮುಟ್ಟುತ್ತದೆಯೇ ಎಂಬುದು ನಿಮ್ಮ ಪ್ರಶ್ನೆಯಾದರೆ, ಒಂದು ಅಂಕಿ ಸಾಲದು. ಮುಟ್ಟುವ ಸಾಧ್ಯತೆ ನೂರಕ್ಕೆ ಎಷ್ಟು ಎಂದು ಹೇಳಬೇಕು.

## ಹಂತ 2: ಮೂಲ ಅಂಕಿಗಳನ್ನು ಒಟ್ಟುಮಾಡಿ

ಜನನ ಮರಣ ನೋಂದಣಿ ಪೂರ್ತಿಯಾಗಿ ನಡೆಯದ ದೇಶಗಳಲ್ಲಿ ಮುಖ್ಯ ಆಧಾರ ಮನೆ ಮನೆ ಸಮೀಕ್ಷೆ. ಡಿಎಚ್‌ಎಸ್ ಎಂದು ಕರೆಯುವ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆಗಳು 1984ರಿಂದ ನಡೆದಿವೆ. ಯುನಿಸೆಫ್ ಬೆಂಬಲದ ಎಂಐಸಿಎಸ್ ಸಮೀಕ್ಷೆಗಳು 1990ರ ದಶಕದಿಂದ ಇವೆ. ಇವುಗಳಲ್ಲಿ 15ರಿಂದ 49 ವರ್ಷದ ಮಹಿಳೆಯರನ್ನು ಕಂಡು, ಹೆತ್ತ ಪ್ರತಿಯೊಂದು ಮಗುವಿನ ಹುಟ್ಟಿದ ತಿಂಗಳು, ಬದುಕಿದೆಯೇ, ತೀರಿಕೊಂಡಿದ್ದರೆ ಎಷ್ಟು ವಯಸ್ಸಿನಲ್ಲಿ ಎಂದು ಕೇಳುತ್ತಾರೆ. ಇದು ಪೂರ್ಣ ಜನನ ವಿವರ. ಜನಗಣತಿಯಲ್ಲಿ ಸಾಮಾನ್ಯವಾಗಿ ಎಷ್ಟು ಮಕ್ಕಳನ್ನು ಹೆತ್ತಿರಿ, ಎಷ್ಟು ಬದುಕಿವೆ ಎಂದಷ್ಟೇ ಕೇಳುತ್ತಾರೆ. ಅದು ಸಾರಾಂಶ ವಿವರ.

ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆ, ವಿಶ್ವ ಬ್ಯಾಂಕ್ ಮತ್ತು ವಿಶ್ವಸಂಸ್ಥೆಯ ಜನಸಂಖ್ಯಾ ವಿಭಾಗ ಸೇರಿ 2004ರಲ್ಲಿ ಮಾಡಿಕೊಂಡ ಅಂತರ ಸಂಸ್ಥೆ ತಂಡ ಪ್ರತಿ ದೇಶದ ಅಂದಾಜು ಪ್ರಕಟಿಸುತ್ತದೆ. ಅವರ ತಾಣದಲ್ಲಿ ಕೊನೆಯ ಗೆರೆಯ ಜೊತೆಗೆ ಅದಕ್ಕೆ ಬಳಸಿದ ಸಮೀಕ್ಷೆಗಳ ಬಿಡಿ ಬಿಂದುಗಳೂ ಸಿಗುತ್ತವೆ. ನಿಮಗೆ ಬೇಕಾದದ್ದು ಆ ಬಿಂದುಗಳು. ಗೆರೆಯನ್ನು ಕೊನೆಯಲ್ಲಿ ಹೋಲಿಕೆಗೆ ಇಟ್ಟುಕೊಳ್ಳಿ.

2025ರ ಆರಂಭದಲ್ಲಿ ಅಮೆರಿಕ ಸರ್ಕಾರದ ಹಣ ನಿಂತಿದ್ದರಿಂದ ಡಿಎಚ್‌ಎಸ್ ಕಾರ್ಯಕ್ರಮಕ್ಕೆ ದೊಡ್ಡ ಪೆಟ್ಟು ಬಿತ್ತು. ಆದ್ದರಿಂದ ಅನುಮತಿ ಪಡೆದು ಇಳಿಸಿಕೊಂಡ ಕಡತಗಳನ್ನು, ಪ್ರಶ್ನಾವಳಿ ಮತ್ತು ಕೋಡ್ ಪುಸ್ತಕಗಳ ಸಮೇತ, ಜೋಪಾನವಾಗಿ ಇಟ್ಟುಕೊಳ್ಳಿ.

ಎಚ್ಚರಿಕೆಯ ಗುರುತು: ನೋಂದಣಿ ಅಂಕಿಗಳಲ್ಲಿ ಮರಣ ವರ್ಷದಿಂದ ವರ್ಷಕ್ಕೆ ಏರುತ್ತಿರುವಂತೆ ಕಂಡರೆ, ಮೊದಲು ನೋಂದಣಿ ಸುಧಾರಿಸುತ್ತಿದೆಯೇ ನೋಡಿ. ಹಿಂದೆ ದಾಖಲಾಗದ ಸಾವುಗಳು ಈಗ ದಾಖಲಾದರೆ ಅಂಕಿ ಏರುತ್ತದೆ. ನಿಜ ಸ್ಥಿತಿ ಸುಧಾರಿಸುತ್ತಿದ್ದರೂ ಹಾಗೆ ಕಾಣಬಹುದು.

## ಹಂತ 3: ಪ್ರಮಾಣವನ್ನು ನೀವೇ ಲೆಕ್ಕ ಹಾಕಿ

ಕಳೆದ ಐದು ವರ್ಷದಲ್ಲಿ ಹುಟ್ಟಿದ ಮಕ್ಕಳೆಷ್ಟು, ಅವರಲ್ಲಿ ಸತ್ತವರೆಷ್ಟು ಎಂದು ಸುಮ್ನೆ ಭಾಗಿಸಬೇಡಿ. ಹೋದ ವರ್ಷ ಹುಟ್ಟಿದ ಮಗು ಇನ್ನೂ ಐದು ವರ್ಷ ಬದುಕಿ ತೋರಿಸಿಲ್ಲ. ಹಾಗೆ ಭಾಗಿಸಿದರೆ ಮರಣ ಯಾವಾಗಲೂ ಕಡಿಮೆ ಬರುತ್ತದೆ.

ಸರಿಯಾದ ದಾರಿ ವಯಸ್ಸನ್ನು ತುಂಡು ಮಾಡುವುದು. ಡಿಎಚ್‌ಎಸ್ ವಿಧಾನದಲ್ಲಿ ಎಂಟು ತುಂಡುಗಳು: 0 ತಿಂಗಳು, 1–2, 3–5, 6–11, 12–23, 24–35, 36–47, 48–59. ಪ್ರತಿ ತುಂಡಿಗೂ ಆ ಅವಧಿಯಲ್ಲಿ ಆ ವಯಸ್ಸನ್ನು ದಾಟುತ್ತಿದ್ದ ಮಕ್ಕಳೆಷ್ಟು, ಸತ್ತವರೆಷ್ಟು ಎಂದು ಎಣಿಸಿ. ಬದುಕುಳಿಯುವ ಸಂಭವನೀಯತೆಗಳನ್ನು ಒಂದಕ್ಕೊಂದು ಗುಣಿಸಿ. ಬಂದ ಗುಣಲಬ್ಧವನ್ನು 1ರಿಂದ ಕಳೆದರೆ ಐದು ವರ್ಷದೊಳಗಿನ ಮರಣ ಸಿಗುತ್ತದೆ. ಪ್ಯಾಕೇಜ್ ಇದನ್ನು ತಾನೇ ಮಾಡುತ್ತದೆ, ಆದರೂ ಒಂದು ಸಮೀಕ್ಷೆಗಾದರೂ ಕೈಯಾರೆ ಮಾಡಿ, ವರದಿಯಲ್ಲಿ ಅಚ್ಚಾದ ಅಂಕಿಗೆ ಹೋಲಿಸಿ. ಎರಡೂ ಹೊಂದದಿದ್ದರೆ ಮುಂದೆ ಹೋಗಬೇಡಿ.

ಹೊಂದದಿರಲು ಸಾಮಾನ್ಯ ಕಾರಣಗಳು ಮೂರು. ತೂಕದ ಅಂಕಿಯನ್ನು ಹತ್ತು ಲಕ್ಷದಿಂದ ಭಾಗಿಸಿ ಬಳಸಬೇಕು ಎಂಬುದನ್ನು ಮರೆತಿರುತ್ತಾರೆ. ಅವಧಿಯ ಗಡಿ ದಾಟುವ ಮಕ್ಕಳನ್ನು ಅರ್ಧ ಎಂದು ಎಣಿಸಬೇಕು, ಪೂರ್ತಿ ಎಣಿಸಿರುತ್ತಾರೆ. ಇಲ್ಲವೇ ತಿಂಗಳ ಸಂಕೇತದಲ್ಲಿ ಎಡವಿರುತ್ತಾರೆ. ಈ ಕಡತಗಳಲ್ಲಿ ದಿನಾಂಕವನ್ನು 1900ರ ಜನವರಿಯಿಂದ ಎಣಿಸಿದ ತಿಂಗಳ ಸಂಖ್ಯೆಯಾಗಿ ಬರೆದಿರುತ್ತಾರೆ. 2010ರ ಜನವರಿ ಎಂದರೆ 1321. ಆದರೆ ಇಥಿಯೋಪಿಯಾದ ಕಡತಗಳು ಅಲ್ಲಿನ ಪಂಚಾಂಗದಲ್ಲಿವೆ, 92 ತಿಂಗಳು ಕೂಡಿಸಿದರೆ ನಮಗೆ ಪರಿಚಿತ ವರ್ಷ ಸಿಗುತ್ತದೆ. ನೇಪಾಳದ ಕಡತಗಳು ವಿಕ್ರಮ ಸಂವತ್‌ನಲ್ಲಿವೆ. ಒಂದೇ ಸಮೀಕ್ಷೆಯೊಳಗೆ ಮಗುವಿನ ವಯಸ್ಸು ಸರಿಯಾಗಿಯೇ ಬರುತ್ತದೆ, ವರ್ಷ ಮಾತ್ರ ತಪ್ಪಾಗುತ್ತದೆ. ಹಾಗಾಗಿ ಈ ತಪ್ಪು ಬೇಗ ಕಾಣುವುದಿಲ್ಲ.

ಪ್ರತಿ ಅಂಕಿಯ ಜೊತೆಗೆ ಸ್ಟ್ಯಾಂಡರ್ಡ್ ಎರರ್ (ಬೇರೆ ಮನೆಗಳನ್ನು ಕೇಳಿದ್ದರೆ ಅಂಕಿ ಎಷ್ಟು ಬದಲಾಗಬಹುದಿತ್ತು ಎಂಬ ಅಳತೆ) ಕೂಡ ಲೆಕ್ಕ ಹಾಕಿ. ಇಲ್ಲಿ ಜ್ಯಾಕ್‌ನೈಫ್ ವಿಧಾನ ರೂಢಿಯಲ್ಲಿದೆ: ಒಂದೊಂದೇ ಕ್ಲಸ್ಟರ್ ಬಿಟ್ಟು ಮತ್ತೆ ಮತ್ತೆ ಲೆಕ್ಕ ಹಾಕಿ, ಅಂಕಿ ಎಷ್ಟು ಅಲುಗಾಡುತ್ತದೆ ನೋಡುವುದು.

## ಹಂತ 4: ಅಂಕಿಗಳನ್ನು ನಂಬಬಹುದೇ ಎಂದು ಪರೀಕ್ಷಿಸಿ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ತೀರಿಹೋದ ಮಗುವಿನ ಬಗ್ಗೆ ಅಪರಿಚಿತರ ಮುಂದೆ ಹೇಳುವುದು ಯಾವ ತಾಯಿಗೂ ಸುಲಭವಲ್ಲ. ಅದನ್ನು ಕೇಳಿ ಬರೆದುಕೊಳ್ಳುವವರಿಗೂ ಸುಲಭವಲ್ಲ. ಆ ಕಷ್ಟದ ಗುರುತು ಅಂಕಿಗಳಲ್ಲಿ ಉಳಿಯುತ್ತದೆ.

ಬಿಟ್ಟುಹೋದ ಸಾವುಗಳು. ಹುಟ್ಟಿ ಒಂದೆರಡು ದಿನದಲ್ಲೇ ಹೋದ ಮಕ್ಕಳು ಲೆಕ್ಕಕ್ಕೆ ಬಾರದೆ ಉಳಿಯುವುದು ಹೆಚ್ಚು. ಕೆಲವನ್ನು ನಿರ್ಜೀವ ಜನನ ಎಂದು ಬರೆದುಕೊಂಡಿರುತ್ತಾರೆ. ನವಜಾತ ಮರಣಗಳಲ್ಲಿ ಸುಮಾರು ಮುಕ್ಕಾಲು ಪಾಲು ಮೊದಲ ವಾರದಲ್ಲೇ ಆಗುತ್ತವೆ. ನಿಮ್ಮ ಸಮೀಕ್ಷೆಯಲ್ಲಿ ಈ ಪಾಲು ತುಂಬ ಕೆಳಗಿದ್ದರೆ ಸಾವುಗಳು ಬಿಟ್ಟುಹೋಗಿವೆ ಎಂದು ಅನುಮಾನಿಸಿ. ಹುಟ್ಟಿದ ಗಂಡು ಹೆಣ್ಣು ಮಕ್ಕಳ ಅನುಪಾತವನ್ನೂ ನೋಡಿ. ಸಾಮಾನ್ಯವಾಗಿ ನೂರು ಹೆಣ್ಣಿಗೆ ಸುಮಾರು 105 ಗಂಡು. ಹಳೆಯ ವರ್ಷಗಳಲ್ಲಿ ಇದು ವಿಪರೀತ ಏರಿದ್ದರೆ, ತೀರಿಹೋದ ಹೆಣ್ಣುಮಕ್ಕಳನ್ನು ಹೇಳದೆ ಬಿಟ್ಟಿರಬಹುದು. ಲಿಂಗ ಆಯ್ಕೆಯ ಗರ್ಭಪಾತ ಇರುವ ದೇಶಗಳಲ್ಲಿ ಮಾತ್ರ ಈ ಪರೀಕ್ಷೆಯನ್ನು ಹಾಗೇ ನಂಬಬಾರದು.

ಹಿಂದಕ್ಕೆ ತಳ್ಳಿದ ಜನನಗಳು. ಸಮೀಕ್ಷೆಯಲ್ಲಿ ಒಂದು ಗಡಿ ದಿನಾಂಕ ಇರುತ್ತದೆ, ಸಾಮಾನ್ಯವಾಗಿ ಐದು ವರ್ಷ ಹಿಂದಿನ ಜನವರಿ. ಅದರ ಈಚೆಗೆ ಹುಟ್ಟಿದ ಮಕ್ಕಳಿಗೆ ಲಸಿಕೆ, ಕಾಯಿಲೆ, ಹೆರಿಗೆ ಎಂದು ಉದ್ದದ ಪ್ರಶ್ನೆಗಳಿರುತ್ತವೆ. ಕೆಲಸ ಕಡಿಮೆಯಾಗಲಿ ಎಂದು ಕೆಲವು ಗಣತಿದಾರರು ಹುಟ್ಟಿದ ವರ್ಷವನ್ನು ಗಡಿಯ ಆಚೆಗೆ ಬರೆಯುತ್ತಾರೆ. ಪತ್ತೆ ಮಾಡುವುದು ಹೀಗೆ: ಒಂದು ವರ್ಷದ ಜನನಗಳನ್ನು ಅದರ ಹಿಂದಿನ ಮತ್ತು ಮುಂದಿನ ವರ್ಷಗಳ ಸರಾಸರಿಯಿಂದ ಭಾಗಿಸಿ. ಗಡಿಯ ಈಚೆ ತಗ್ಗು, ಆಚೆ ದಿಬ್ಬ ಕಂಡರೆ ತಳ್ಳಾಟ ನಡೆದಿದೆ. ಬದುಕಿರುವ ಮಕ್ಕಳಿಗೂ ಸತ್ತ ಮಕ್ಕಳಿಗೂ ಇದನ್ನು ಬೇರೆ ಬೇರೆ ಮಾಡಿ. ಸತ್ತವರಲ್ಲಿ ತಗ್ಗು ದೊಡ್ಡದಾಗಿದ್ದರೆ, ಇತ್ತೀಚಿನ ಐದು ವರ್ಷದ ಮರಣ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ನಿಮ್ಮ ಮುನ್ನಂದಾಜು ಶುರುವಾಗುವುದು ಅದೇ ಬಿಂದುವಿನಿಂದ ಅಲ್ವಾ? ಅಲ್ಲಿನ ತಪ್ಪು ಮುಂದಿನ ಎಲ್ಲ ವರ್ಷಗಳಿಗೂ ಹೋಗುತ್ತದೆ.

ಹನ್ನೆರಡು ತಿಂಗಳ ಗುಂಪು. ಮಗು 10 ಅಥವಾ 14 ತಿಂಗಳಿಗೆ ತೀರಿಕೊಂಡಿದ್ದರೂ 'ಒಂದು ವರ್ಷ' ಎಂದು ಹೇಳುವುದು ಸಹಜ. 12ನೇ ತಿಂಗಳಲ್ಲಿ ಸಾವುಗಳ ರಾಶಿ ಬೀಳುತ್ತದೆ. ಶಿಶು ಮರಣ ಕಡಿಮೆ ತೋರಿ, ಒಂದರಿಂದ ನಾಲ್ಕು ವರ್ಷದ ಮರಣ ಜಾಸ್ತಿ ತೋರುತ್ತದೆ. ಐದು ವರ್ಷದೊಳಗಿನ ಒಟ್ಟು ಅಂಕಿಗೆ ಇದರಿಂದ ಹೆಚ್ಚು ತೊಂದರೆ ಇಲ್ಲ. ಮುನ್ನಂದಾಜಿಗೆ ಶಿಶು ಮರಣದ ಬದಲು ಐದು ವರ್ಷದ ಅಂಕಿಯನ್ನೇ ಆರಿಸಿಕೊಳ್ಳಲು ಇದೂ ಒಂದು ಕಾರಣ.

ತಾಯಿಯೇ ಇಲ್ಲದ ಮಕ್ಕಳು. ಸಮೀಕ್ಷೆ ಬದುಕಿರುವ ತಾಯಂದಿರನ್ನು ಮಾತ್ರ ಕೇಳುತ್ತದೆ. ಎಚ್‌ಐವಿ ಹೆಚ್ಚಿದ್ದ ದೇಶಗಳಲ್ಲಿ ಸೋಂಕಿನಿಂದ ತಾಯಿಯೂ ಮಗುವೂ ಹೋಗಿರುತ್ತಾರೆ, ಆ ಮಗು ಯಾವ ಲೆಕ್ಕದಲ್ಲೂ ಇರುವುದಿಲ್ಲ. ಅಲ್ಲಿ ಅಂಕಿಯನ್ನು ಮೇಲಕ್ಕೆ ಸರಿಪಡಿಸಲೇಬೇಕು.

ತುಂಬ ಹಿಂದಿನ ವರ್ಷಗಳು. 49 ವರ್ಷ ಮೀರಿದವರನ್ನು ಕೇಳುವುದಿಲ್ಲ. 25 ವರ್ಷ ಹಿಂದಕ್ಕೆ ಹೋದರೆ, ಆಗ 24 ದಾಟದ ತಾಯಂದಿರ ಮಕ್ಕಳ ವಿವರ ಮಾತ್ರ ಉಳಿದಿರುತ್ತದೆ. ಚಿಕ್ಕ ವಯಸ್ಸಿನ ತಾಯಂದಿರ ಮಕ್ಕಳಿಗೆ ಅಪಾಯ ಜಾಸ್ತಿ. ಹಾಗಾಗಿ ಒಂದು ಸಮೀಕ್ಷೆಯಿಂದ 15 ವರ್ಷಕ್ಕಿಂತ ಹಿಂದಿನದನ್ನು ತೆಗೆಯುವಾಗ ತೂಕ ಕಡಿಮೆ ಕೊಡಿ. ಜನಗಣತಿಯ ಸಾರಾಂಶ ವಿವರದಲ್ಲೂ 15–19 ಮತ್ತು 20–24 ವಯಸ್ಸಿನ ತಾಯಂದಿರಿಂದ ಬರುವ ಅಂದಾಜುಗಳನ್ನು ಇದೇ ಕಾರಣಕ್ಕೆ ಬಿಡುವುದು ಒಳ್ಳೆಯದು.

ಕೊನೆಯ ಪರೀಕ್ಷೆ ಸಮೀಕ್ಷೆಗಳ ನಡುವಿನದು. 2011ರ ಸಮೀಕ್ಷೆ ತನ್ನ ಹಿಂದಿನ ಐದು ವರ್ಷಕ್ಕೆ ಒಂದು ಅಂಕಿ ಕೊಡುತ್ತದೆ. 2016ರ ಸಮೀಕ್ಷೆಯ '5–9 ವರ್ಷ ಹಿಂದೆ' ಎಂಬ ಅವಧಿ ಹೆಚ್ಚುಕಡಿಮೆ ಅದೇ ಕಾಲದ್ದು. ಎರಡೂ ಹತ್ತಿರ ಇರಬೇಕು. ಪ್ರತಿ ಹೊಸ ಸಮೀಕ್ಷೆಯೂ ಹಿಂದಿನದು ಹೇಳಿದ್ದಕ್ಕಿಂತ ಹೆಚ್ಚಿನ ಅಂಕಿಯನ್ನು ಅದೇ ಕಾಲಕ್ಕೆ ಕೊಡುತ್ತಿದ್ದರೆ, ಪ್ರತಿ ಸಮೀಕ್ಷೆಯ ಕೊನೆಯ ಬಿಂದುವೂ ಕೆಳಕ್ಕೆ ಜಾರಿದೆ ಎಂದರ್ಥ.

## ಹಂತ 5: ಬಿಂದುವನ್ನು ಸರಿಯಾದ ದಿನಾಂಕದಲ್ಲಿ ಇಡಿ

ಚಿಕ್ಕ ಹಂತ, ಆದರೆ ಇಲ್ಲಿ ಆಗುವ ತಪ್ಪು ದೊಡ್ಡದು. ಇಥಿಯೋಪಿಯಾದ ಸಮೀಕ್ಷೆಗಳ ಪ್ರಕಾರ ಐದು ವರ್ಷದೊಳಗಿನ ಮರಣ 2000ದಲ್ಲಿ 166, 2005ರಲ್ಲಿ 123, 2011ರಲ್ಲಿ 88, 2016ರಲ್ಲಿ 67. ಈ 67 ಎಂಬುದು 2016ರ ಸ್ಥಿತಿ ಅಲ್ಲ. ಸಮೀಕ್ಷೆಗೆ ಹಿಂದಿನ ಐದು ವರ್ಷಗಳ ಸರಾಸರಿ. ಅದರ ಜಾಗ ಸುಮಾರು 2013ರ ಮಧ್ಯ.

166ರಿಂದ 67ಕ್ಕೆ 16 ವರ್ಷದಲ್ಲಿ ಇಳಿದದ್ದು ವರ್ಷಕ್ಕೆ ಸುಮಾರು ಶೇ 5.7. ಇದೇ ವೇಗದಲ್ಲಿ 2016ರಿಂದ ಎಳೆದರೆ 2030ರ ಆರಂಭಕ್ಕೆ 30.3 ಬರುತ್ತದೆ. 2013ರ ಮಧ್ಯದಿಂದ ಎಳೆದರೆ 26.3. ದಿನಾಂಕ ಒಂದನ್ನು ಸರಿಮಾಡಿದ್ದಕ್ಕೇ ಸಾವಿರಕ್ಕೆ ನಾಲ್ಕು ಮಕ್ಕಳ ವ್ಯತ್ಯಾಸ.

## ಹಂತ 6: ವಿಪತ್ತಿನ ವರ್ಷಗಳನ್ನು ಬೇರೆ ಇಡಿ

1994ರ ರುವಾಂಡಾ ನರಮೇಧ, 2010ರ ಹೈಟಿ ಭೂಕಂಪ ಇಂಥವು ಮರಣವನ್ನು ಒಮ್ಮೆಲೇ ಏರಿಸುತ್ತವೆ. ಅವನ್ನು ಸಾಮಾನ್ಯ ಪ್ರವೃತ್ತಿಯ ಜೊತೆ ಸೇರಿಸಿದರೆ, ನಂತರದ ಇಳಿಕೆ ಇರುವುದಕ್ಕಿಂತ ವೇಗವಾಗಿ ಕಾಣುತ್ತದೆ. ಆ ವೇಗವನ್ನೇ ಮುಂದಕ್ಕೂ ಎಳೆದುಬಿಡುತ್ತೀರಿ. ವಿಪತ್ತಿನ ಸಾವುಗಳನ್ನು ತೆಗೆದು ಪ್ರವೃತ್ತಿ ಕಂಡುಹಿಡಿಯಿರಿ, ಆಮೇಲೆ ಆ ವರ್ಷಕ್ಕೆ ಮಾತ್ರ ಮತ್ತೆ ಸೇರಿಸಿ.

ಎಚ್‌ಐವಿಯನ್ನೂ ಹೀಗೇ ಬೇರೆ ಮಾಡಿ. ಬೋಟ್ಸ್ವಾನಾ, ಜಿಂಬಾಬ್ವೆ, ಲೆಸೊಥೊಗಳಲ್ಲಿ 1990ರ ದಶಕದಲ್ಲಿ ಮಕ್ಕಳ ಮರಣ ಇಳಿಯುವ ಬದಲು ಏರಿತು. ತಾಯಿಯಿಂದ ಮಗುವಿಗೆ ಸೋಂಕು ಹರಡುವುದನ್ನು ತಡೆಯುವ ಔಷಧಿ ಬಂದ ಮೇಲೆ ಇಳಿಯಿತು. ಈ ಏರಿಳಿತಕ್ಕೆ ಒಂದೇ ಗೆರೆ ಹೊಂದುವುದಿಲ್ಲ.

## ಹಂತ 7: ಲಾಗ್ ಅಳತೆಯಲ್ಲಿ ಇಳಿಕೆಯ ವೇಗ ಹಿಡಿಯಿರಿ

ನೇರ ಅಳತೆಯಲ್ಲಿ ಗೆರೆ ಎಳೆದರೆ ಅದು ಒಂದು ದಿನ ಸೊನ್ನೆಯ ಕೆಳಗೂ ಹೋಗುತ್ತದೆ. ಅಂಕಿಯ ಲಾಗ್ (ಲಾಗರಿದಮ್) ತೆಗೆದುಕೊಂಡರೆ ಆ ತೊಂದರೆ ಇಲ್ಲ. ವಾರ್ಷಿಕ ಇಳಿಕೆ ದರದ ಸೂತ್ರ ಸರಳ: ಹಳೆಯ ಅಂಕಿಯನ್ನು ಹೊಸದರಿಂದ ಭಾಗಿಸಿ, ಅದರ ಸ್ವಾಭಾವಿಕ ಲಾಗ್ ತೆಗೆದು, ವರ್ಷಗಳ ಸಂಖ್ಯೆಯಿಂದ ಭಾಗಿಸಿ.

ಇಥಿಯೋಪಿಯಾದ ದರಗಳು ಹೀಗಿವೆ. 2000–05ರಲ್ಲಿ ಶೇ 6.0, 2005–11ರಲ್ಲಿ ಶೇ 5.6, 2011–16ರಲ್ಲಿ ಶೇ 5.5. ವೇಗ ನಿಧಾನವಾಗಿ ತಗ್ಗುತ್ತಿರುವಂತೆ ಕಾಣುತ್ತದೆ. ಆದರೆ ಇಷ್ಟು ಸಣ್ಣ ವ್ಯತ್ಯಾಸ ಸ್ಯಾಂಪಲ್ ದೋಷದೊಳಗೇ (ಎಲ್ಲರ ಬದಲು ಕೆಲವರನ್ನಷ್ಟೇ ಕೇಳಿದ್ದರಿಂದ ಬರುವ ಏರುಪೇರಿನೊಳಗೇ) ಮುಳುಗಿಹೋಗುತ್ತದೆ. ಇದನ್ನು ನೋಡಿ 'ಇಳಿಕೆ ನಿಧಾನವಾಯಿತು' ಎಂದು ತಲೆಬರಹ ಬರೆಯಬೇಡಿ.

ಸಮೀಕ್ಷೆಗಳು ಹೆಚ್ಚಿದ್ದರೆ ಸ್ಪ್ಲೈನ್ (ತುಂಡು ತುಂಡಾಗಿ ಬಾಗಬಲ್ಲ ನುಣುಪಾದ ಗೆರೆ) ಬಳಸಿ, ಪ್ರತಿ ಬಿಂದುವಿಗೂ ಅದರ ಸ್ಟ್ಯಾಂಡರ್ಡ್ ಎರರ್‌ಗೆ ತಕ್ಕ ತೂಕ ಕೊಡಿ, ಪ್ರತಿ ಸಮೀಕ್ಷೆಗೂ ಅದರದೇ ಆದ ಏರುಪೇರು ಇರಲು ಜಾಗ ಬಿಡಿ. ಸಮೀಕ್ಷೆ ಮೂರು ನಾಲ್ಕೇ ಇದ್ದರೆ ಲಾಗ್ ಅಳತೆಯ ನೇರ ಗೆರೆ ಸಾಕು. ನಾಲ್ಕು ಬಿಂದುಗಳಿಗೆ ಸಂಕೀರ್ಣ ಮಾಡೆಲ್ ಹಾಕಿದರೆ ಅದು ಆಕಸ್ಮಿಕ ಏರುಪೇರನ್ನೇ ಪ್ರವೃತ್ತಿ ಎಂದು ಕಲಿಯುತ್ತದೆ. ಮುಂದಿನ ವೇಗ ಆರಿಸುವಾಗ ದೇಶದ ಇತ್ತೀಚಿನ ವೇಗವನ್ನು ಅಂಥದೇ ಸ್ಥಿತಿಯ ಇತರ ದೇಶಗಳ ಅನುಭವದ ಕಡೆಗೆ ಸ್ವಲ್ಪ ಎಳೆಯುವುದು ಒಳ್ಳೆಯದು. ಅಸಾಮಾನ್ಯ ವೇಗ ಬಹುಕಾಲ ನಿಲ್ಲುವುದು ಅಪರೂಪ.

## ಹಂತ 8: ಮೊದಲ ತಿಂಗಳನ್ನು ಉಳಿದದ್ದರಿಂದ ಬೇರ್ಪಡಿಸಿ

ಲಸಿಕೆ, ಸೊಳ್ಳೆಪರದೆ, ಓಆರ್‌ಎಸ್, ಪೌಷ್ಟಿಕತೆ ಮುಖ್ಯವಾಗಿ ಮೊದಲ ತಿಂಗಳ ನಂತರದ ಮಕ್ಕಳನ್ನು ಉಳಿಸುತ್ತವೆ. ನವಜಾತ ಶಿಶುಗಳನ್ನು ಉಳಿಸಲು ಹೆರಿಗೆ ಹೊತ್ತಿನ ಆರೈಕೆ, ನುರಿತ ಕೈಗಳು, ಅವಧಿಪೂರ್ವ ಜನಿಸಿದ ಮಗುವಿಗೆ ಬೆಚ್ಚಗಿನ ಆಸರೆ ಬೇಕು. ಇದು ನಿಧಾನವಾಗಿ ಬೆಳೆಯುವ ವ್ಯವಸ್ಥೆ. ಹಾಗಾಗಿ ಎರಡು ಭಾಗಗಳು ಬೇರೆ ಬೇರೆ ವೇಗದಲ್ಲಿ ಇಳಿಯುತ್ತವೆ. ಜಗತ್ತಿನಾದ್ಯಂತ 2022ರಲ್ಲಿ ಐದು ತುಂಬುವ ಮೊದಲು ತೀರಿಕೊಂಡ 49 ಲಕ್ಷ ಮಕ್ಕಳಲ್ಲಿ ಸುಮಾರು 23 ಲಕ್ಷ ಮಕ್ಕಳು ಮೊದಲ ತಿಂಗಳೂ ದಾಟಲಿಲ್ಲ.

ಇಥಿಯೋಪಿಯಾದಲ್ಲಿ ನವಜಾತ ಮರಣ 2000ದಲ್ಲಿ 49, 2005ರಲ್ಲಿ 39, 2011ರಲ್ಲಿ 37, 2016ರಲ್ಲಿ 29. ಅಂದರೆ ವರ್ಷಕ್ಕೆ ಸುಮಾರು ಶೇ 3.3 ಇಳಿಕೆ. ಉಳಿದ ಭಾಗ 117ರಿಂದ 38ಕ್ಕೆ, ವರ್ಷಕ್ಕೆ ಶೇ 7. ಎರಡನ್ನೂ ಬೇರೆ ಬೇರೆ 2030ಕ್ಕೆ ಎಳೆದರೆ 16.9 ಮತ್ತು 11.9, ಒಟ್ಟು 28.8. ಒಟ್ಟಿಗೇ ಎಳೆದಾಗ ಬಂದದ್ದು 26.3. ನಿಧಾನವಾಗಿ ಇಳಿಯುವ ಭಾಗದ ಪಾಲು ದೊಡ್ಡದಾಗುತ್ತಾ ಹೋಗುತ್ತದೆ: 2016ರ ಸಮೀಕ್ಷೆಯಲ್ಲಿ ಶೇ 43, 2030ಕ್ಕೆ ಶೇ 59ರ ಹತ್ತಿರ. ಒಟ್ಟು ಅಂಕಿಯನ್ನಷ್ಟೇ ಎಳೆದವರಿಗೆ ಇದು ಕಾಣುವುದೇ ಇಲ್ಲ.

## ಹಂತ 9: ಅನಿಶ್ಚಿತತೆಯನ್ನು ಪೂರ್ತಿ ತೋರಿಸಿ

ಸ್ಯಾಂಪಲ್ ದೋಷ ಒಂದು ಭಾಗ. ಮುಂದಿನ ವೇಗ ಏನೆಂದು ಗೊತ್ತಿಲ್ಲದಿರುವುದು ಇನ್ನೊಂದು, ಅದೇ ದೊಡ್ಡದು. ಆರಂಭದ ಬಿಂದುವಿನಲ್ಲಿ ಶೇ 5 ದೋಷ, ಇಳಿಕೆಯ ವೇಗದಲ್ಲಿ ಶೇಕಡಾ 1.5 ಅಂಶದಷ್ಟು ಏರುಪೇರು ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ.

ವೇಗದ ಏರುಪೇರು ಪ್ರತಿ ವರ್ಷ ಹೊಸದಾಗಿ, ಹಿಂದಿನ ವರ್ಷಕ್ಕೆ ಸಂಬಂಧವಿಲ್ಲದೆ ಬರುತ್ತದೆ ಎಂದು ಊಹಿಸಿದರೆ ಅವು ಒಂದನ್ನೊಂದು ಅಳಿಸಿಹಾಕುತ್ತವೆ. ಆಗ 28.8ರ ಸುತ್ತ ಶೇ 80 ವ್ಯಾಪ್ತಿ (ನಿಜ ಅಂಕಿ ಒಳಗೆ ಬೀಳುವ ಸಾಧ್ಯತೆ ನೂರಕ್ಕೆ ಎಂಬತ್ತು ಇರುವ ವ್ಯಾಪ್ತಿ) 26ರಿಂದ 32. ಆದರೆ ನಿಜದಲ್ಲಿ ಆರೋಗ್ಯ ವ್ಯವಸ್ಥೆ ಕುಸಿದರೆ ವರ್ಷಗಟ್ಟಲೆ ಕುಸಿದೇ ಇರುತ್ತದೆ, ಸುಧಾರಿಸಿದರೆ ಸುಧಾರಣೆ ಉಳಿಯುತ್ತದೆ. ಏರುಪೇರು ಪೂರ್ತಿ ಅವಧಿಗೂ ಮುಂದುವರಿಯುತ್ತದೆ ಎಂದುಕೊಂಡರೆ ವ್ಯಾಪ್ತಿ 21ರಿಂದ 40. ಮೊದಲ ಊಹೆಯಲ್ಲಿ 25ರ ಗುರಿ ಮುಟ್ಟುವ ಸಾಧ್ಯತೆ ನೂರಕ್ಕೆ 4 ಮಾತ್ರ. ಎರಡನೆಯದರಲ್ಲಿ 29. ಅಂಕಿಗಳು ಅವೇ, ಊಹೆ ಮಾತ್ರ ಬೇರೆ. ನಿಜ ಇವೆರಡರ ನಡುವೆ, ಎರಡನೆಯದಕ್ಕೆ ಹೆಚ್ಚು ಹತ್ತಿರ ಇರುತ್ತದೆ.

ಎಚ್ಚರಿಕೆಯ ಗುರುತು: ಹದಿನೈದು ವರ್ಷ ಮುಂದಿನ ಅಂದಾಜಿನ ವ್ಯಾಪ್ತಿ ಈಗಿನ ಸಮೀಕ್ಷೆಯ ವ್ಯಾಪ್ತಿಯಷ್ಟೇ ಕಿರಿದಾಗಿದ್ದರೆ, ಲೆಕ್ಕದಲ್ಲಿ ಏನೋ ಬಿಟ್ಟುಹೋಗಿದೆ.

## ಹಂತ 10: ಹಿಂದಿನ ವರ್ಷದಲ್ಲಿ ನಿಂತು ಪರೀಕ್ಷಿಸಿ

ಬಿಂದುಗಳನ್ನು ಅಲ್ಲಲ್ಲಿ ತೆಗೆದು ಪರೀಕ್ಷಿಸಬೇಡಿ. ಕೊನೆಯ ಸಮೀಕ್ಷೆ ನಡೆದೇ ಇಲ್ಲ ಎಂದುಕೊಂಡು ಅದನ್ನು ಇಡಿಯಾಗಿ ಪಕ್ಕಕ್ಕಿಡಿ. ನಿಜವಾದ ಮುನ್ನಂದಾಜು ಮಾಡುವವರಿಗೆ ಸಿಗುವ ಸ್ಥಿತಿ ಅದೇ.

ಇಥಿಯೋಪಿಯಾದ 2016ರ ಸಮೀಕ್ಷೆ ಬಿಟ್ಟು, 2000ದಿಂದ 2011ರವರೆಗಿನ ವೇಗದಿಂದ ಎಳೆದರೆ 65.9 ಬರುತ್ತದೆ. ಸಮೀಕ್ಷೆ ಕೊಟ್ಟದ್ದು 67. ತುಂಬ ಚೆನ್ನಾಗಿದೆ ಅನ್ನಿಸುತ್ತದೆ. ಈಗ ಭಾಗಗಳನ್ನು ನೋಡಿ. ನವಜಾತ ಮರಣಕ್ಕೆ ಇದೇ ವಿಧಾನ 32.6 ಹೇಳುತ್ತದೆ, ಬಂದದ್ದು 29. ಉಳಿದ ಭಾಗಕ್ಕೆ 35 ಹೇಳುತ್ತದೆ, ಬಂದದ್ದು 38. ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ ತಪ್ಪಿ, ಮೊತ್ತ ಮಾತ್ರ ಸರಿಯಾಗಿ ಕಂಡಿದೆ. ಆದ್ದರಿಂದ ಒಟ್ಟು ಅಂಕಿ ಹೊಂದಿದ್ದನ್ನೇ ನೋಡಿ ಮಾಡೆಲನ್ನು ನಂಬಬೇಡಿ. 2019ರ ಕಿರು ಸಮೀಕ್ಷೆಯಲ್ಲಿ ಅಲ್ಲಿನ ನವಜಾತ ಮರಣ 2016ಕ್ಕಿಂತ ಇಳಿಯಲೇ ಇಲ್ಲ. ಆ ಭಾಗದ ಅಂದಾಜಿಗೆ ಅಗಲವಾದ ವ್ಯಾಪ್ತಿ ಬೇಕು ಎಂಬುದನ್ನು ಈ ಪರೀಕ್ಷೆ ಮೊದಲೇ ಹೇಳುತ್ತಿತ್ತು.

ಹಲವು ದೇಶಗಳಿಗೆ ಮಾಡುತ್ತಿದ್ದರೆ ಇನ್ನೊಂದು ಎಣಿಕೆ ಮಾಡಿ. ಶೇ 80 ವ್ಯಾಪ್ತಿಯೊಳಗೆ ಬಿದ್ದ ನಿಜ ಅಂಕಿಗಳು ನೂರರಲ್ಲಿ ಎಂಬತ್ತರಷ್ಟು ಇರಬೇಕು. ಐವತ್ತೇ ಇದ್ದರೆ ಹಂತ 9ಕ್ಕೆ ವಾಪಸ್ ಹೋಗಿ.

## ಹಂತ 11: ಸನ್ನಿವೇಶಗಳು, ಆಮೇಲೆ ಸಾವುಗಳ ಸಂಖ್ಯೆ

'ಹೀಗೇ ಮುಂದುವರಿದರೆ' ಎಂಬ ಒಂದು ಗೆರೆ, ಇಳಿಕೆ ನಿಂತರೆ ಏನು, ನಿರ್ದಿಷ್ಟ ಸೇವೆ ಹೆಚ್ಚಿದರೆ ಏನು ಎಂಬ ಇನ್ನೆರಡು ಕೊಡಿ. ಸೇವೆಗಳ ಪರಿಣಾಮ ಲೆಕ್ಕ ಹಾಕಲು 'ಲೈವ್ಸ್ ಸೇವ್ಡ್ ಟೂಲ್' ಎಂಬ ಉಚಿತ ತಂತ್ರಾಂಶವಿದೆ. ಒಂದು ಮಾತು ನೆನಪಿಡಿ. ನಿಮ್ಮ ಪ್ರವೃತ್ತಿಯಲ್ಲಿ ಲಸಿಕೆ ಹರಡಿದ ಪರಿಣಾಮ ಆಗಲೇ ಸೇರಿಹೋಗಿದೆ. ಅದರ ಮೇಲೆ ಮತ್ತೆ ಲಸಿಕೆಯ ಲಾಭ ಕೂಡಿಸಿದರೆ ಒಂದೇ ಮಗುವನ್ನು ಎರಡು ಸಲ ಉಳಿಸಿದಂತೆ ಲೆಕ್ಕ ಬರುತ್ತದೆ.

ಸಾವುಗಳ ಸಂಖ್ಯೆ ಬೇಕಾದರೆ ಜನನಗಳ ಮುನ್ನಂದಾಜೂ ಬೇಕು. ವಿಶ್ವಸಂಸ್ಥೆಯ ಜನಸಂಖ್ಯಾ ಅಂದಾಜುಗಳಿಂದ ತೆಗೆದುಕೊಳ್ಳಬಹುದು. ವರ್ಷಕ್ಕೆ 10 ಲಕ್ಷ ಜನನ, ಮರಣ ಪ್ರಮಾಣ 50 ಇದ್ದರೆ ಸುಮಾರು 50,000 ಸಾವು. ಪ್ರಮಾಣ 40ಕ್ಕೆ ಇಳಿದು ಜನನ 13 ಲಕ್ಷಕ್ಕೆ ಏರಿದರೆ 52,000. ಪ್ರಮಾಣ ಇಳಿದರೂ ಆಸ್ಪತ್ರೆಗಳ ಹೊರೆ ಹೆಚ್ಚಿದೆ. ಯೋಜನೆ ಮಾಡುವವರಿಗೆ ಎರಡೂ ಅಂಕಿ ಕೊಡಿ.

## ಹಂತ 12: ಬರೆದು ಕೊಡುವಾಗ, ಮತ್ತು ಹೊಸ ಸಮೀಕ್ಷೆ ಬಂದಾಗ

ಗ್ರಾಫಿನಲ್ಲಿ ಸಮೀಕ್ಷೆಯ ಬಿಡಿ ಬಿಂದುಗಳು ಕಾಣಲೇಬೇಕು. ಕೊನೆಯ ಬಿಂದುವಿನ ದಿನಾಂಕದಲ್ಲಿ ಒಂದು ಲಂಬ ಗೆರೆ ಹಾಕಿ, ಅದರ ಬಲಕ್ಕಿರುವುದು ಅಂದಾಜು ಎಂದು ಬರೆಯಿರಿ. ಯಾವ ಸಮೀಕ್ಷೆ ಕೈಬಿಟ್ಟಿರಿ, ಯಾಕೆ ಎಂಬುದನ್ನೂ ಅಲ್ಲೇ ತಿಳಿಸಿ. ಮುನ್ನಂದಾಜು ಒಳಗೊಳ್ಳದ ಘಟನೆಗಳಿದ್ದರೆ ಹೆಸರಿಸಿ. ಇಥಿಯೋಪಿಯಾದ 2016ರವರೆಗಿನ ಅಂಕಿಗಳಿಂದ ಎಳೆದ ಗೆರೆಗೆ 2020ರ ನವೆಂಬರ್‌ನಿಂದ 2022ರ ನವೆಂಬರ್‌ವರೆಗೆ ನಡೆದ ಟಿಗ್ರೇ ಯುದ್ಧ ಗೊತ್ತಿಲ್ಲ. ಅದನ್ನು ಓದುವವರಿಗೆ ಸ್ಪಷ್ಟವಾಗಿ ಹೇಳಬೇಕು.

ಹೊಸ ಸಮೀಕ್ಷೆ ಬಂದಾಗ ಅದರ ಬಿಂದುವನ್ನು ಹಳೆಯ ಗೆರೆಯ ಕೊನೆಗೆ ಅಂಟಿಸಿ ಮುಂದುವರಿಯಬೇಡಿ. ಅದು ಹಿಂದಿನ ಹತ್ತು ಹದಿನೈದು ವರ್ಷಗಳ ಬಗ್ಗೆಯೂ ಹೊಸ ಮಾಹಿತಿ ತಂದಿರುತ್ತದೆ. ಹಂತ 3ರಿಂದ ಮತ್ತೆ ಶುರು ಮಾಡಿ. ಹಳೆಯ ಮುನ್ನಂದಾಜನ್ನು ಅಳಿಸದೆ, ತಾರೀಖಿನೊಂದಿಗೆ ಹೊಸದರ ಪಕ್ಕದಲ್ಲೇ ಇಡಿ. ಎಷ್ಟು ತಪ್ಪಿತು, ಯಾವ ಭಾಗದಲ್ಲಿ ತಪ್ಪಿತು ಎಂಬ ಲೆಕ್ಕವೇ ಮುಂದಿನ ಸಲ ವ್ಯಾಪ್ತಿಯ ಅಗಲ ಎಷ್ಟಿರಬೇಕು ಎಂದು ತೀರ್ಮಾನಿಸಲು ನಿಮಗಿರುವ ಅತ್ಯುತ್ತಮ ಆಧಾರ.